ಚಿಕ್ಕ ಮಂದೆಯ ಕುರುಬ: ಬಿಷಪ್ ಯೂಲಿಯುಶ್ ಬುರ್ಷೆ

1991ರ ಜೂನ್ 9. ತಾಯ್ನಾಡಿನ ಪ್ರವಾಸದಲ್ಲಿದ್ದ ಜಗದ್ಗುರು ಎರಡನೆಯ ಜಾನ್ ಪೌಲರು ಅಂದು ವಾರ್ಸಾ ನಗರದ ನಡುವೆ ಇರುವ, ದುಂಡನೆಯ ಗುಮ್ಮಟದ ಒಂದು ದೇವಾಲಯದೊಳಗೆ ಹೆಜ್ಜೆಯಿಟ್ಟರು. ಅದು ಕಥೋಲಿಕರ ದೇವಾಲಯವಲ್ಲ, ಲೂಥೆರನ್ನರ ಪರಮ ತ್ರಿತ್ವ ದೇವಾಲಯ. ಬೇರೆ ಬೇರೆ ಕ್ರೈಸ್ತ ಸಭೆಗಳ ಮುಖಂಡರೊಡನೆ ನಿಂತು ಅವರು ಅಲ್ಲಿ ಪ್ರಾರ್ಥಿಸಿದರು. ಪೋಲೆಂಡ್ ಎಂದರೆ ಕಥೋಲಿಕರ ನಾಡು ಎಂದಷ್ಟೇ ಬಲ್ಲ ನಮ್ಮಲ್ಲಿ ಅನೇಕರಿಗೆ, ಅದರ ರಾಜಧಾನಿಯ ನಟ್ಟನಡುವೆ ಅಷ್ಟು ದೊಡ್ಡ ಲೂಥೆರನ್ ದೇವಾಲಯ ಇದೆಯೆಂಬುದೇ ಹೊಸ ಸಂಗತಿ. ಆ ದೇವಾಲಯದಲ್ಲಿ ಸುಮಾರು ಅರ್ಧ ಶತಮಾನ ಸೇವೆ ಸಲ್ಲಿಸಿ, ಕಡೆಗೆ ಬರ್ಲಿನ್ನಿನಲ್ಲಿ ಕೈದಿಯಾಗಿ ಪ್ರಾಣಬಿಟ್ಟ ಬಿಷಪ್ ಯೂಲಿಯುಶ್ ಬುರ್ಷೆಯವರ ಹೆಸರು ಪೋಲೆಂಡಿನಲ್ಲಿ ಕಥೋಲಿಕರಿಗೂ ಚಿರಪರಿಚಿತ. ನಮ್ಮ ಕಡೆ ಅವರನ್ನು ಬಲ್ಲವರು ಕಡಿಮೆ.

ಬುರ್ಷೆಯವರ ಬದುಕು ಅರ್ಥವಾಗಬೇಕಾದರೆ ಅವರ ಸಭೆಯ ಹಳೆಯ ಕಥೆಯನ್ನು ಸ್ವಲ್ಪ ತಿಳಿಯಬೇಕು. ಮಾರ್ಟಿನ್ ಲೂಥರ್ ಜರ್ಮನಿಯಲ್ಲಿ 1517ರಲ್ಲಿ ಎಬ್ಬಿಸಿದ ಅಲೆ ಕೆಲವೇ ವರ್ಷಗಳಲ್ಲಿ ಪೋಲೆಂಡಿನ ಬಂದರು ಪಟ್ಟಣಗಳನ್ನೂ ಪ್ರಷ್ಯವನ್ನೂ ಮುಟ್ಟಿತು. ಯುರೋಪಿನ ಉಳಿದೆಡೆ ಧರ್ಮದ ಹೆಸರಿನಲ್ಲಿ ರಕ್ತ ಹರಿಯುತ್ತಿದ್ದ ಕಾಲದಲ್ಲಿ ಪೋಲೆಂಡಿನ ಶ್ರೀಮಂತ ವರ್ಗ 1573ರಲ್ಲಿ ವಾರ್ಸಾದಲ್ಲಿ ಸೇರಿ, ಮತಭೇದಕ್ಕಾಗಿ ಒಬ್ಬರ ಮೇಲೊಬ್ಬರು ಕತ್ತಿ ಎತ್ತುವುದಿಲ್ಲವೆಂದು ಒಪ್ಪಂದ ಮಾಡಿಕೊಂಡದ್ದು ಆ ನಾಡಿಗೆ ಶೋಭೆ ತಂದ ಕೆಲಸ. ಆದರೆ ಮುಂದಿನ ನೂರು ವರ್ಷಗಳಲ್ಲಿ ಗಾಳಿ ಬದಲಾಯಿತು. ವಾರ್ಸಾದ ಲೂಥೆರನ್ನರಿಗೆ ಊರೊಳಗೆ ದೇವಾಲಯ ಕಟ್ಟುವ ಹಕ್ಕಿರಲಿಲ್ಲ. ಆರಾಧನೆ ಬೇಕೆಂದರೆ ಗಾಡಿ ಕಟ್ಟಿಕೊಂಡು ಎಪ್ಪತ್ತು ಎಂಬತ್ತು ಕಿಲೋಮೀಟರ್ ದೂರದ ವೆಂಗ್ರುಫ್ ಎಂಬ ಊರಿಗೆ ಹೋಗಬೇಕಿತ್ತು.

ದಕ್ಷಿಣದ ಬೆಟ್ಟಗಳ ಮಗ್ಗುಲಲ್ಲಿರುವ ಚೆಶಿನ್ ಸೀಮೆಯ ಕಥೆ ಇನ್ನೂ ಕಠಿಣವಾದದ್ದು. ಅದು ಆಗ ಪೋಲೆಂಡಿಗೆ ಸೇರಿರಲಿಲ್ಲ, ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳ ಅಧೀನದಲ್ಲಿತ್ತು. ಜನ ಮಾತ್ರ ಪೋಲಿಷ್ ಭಾಷೆಯವರು, ಮತದಿಂದ ಬಹುಮಟ್ಟಿಗೆ ಲೂಥೆರನ್ನರು. 1654ರಲ್ಲಿ ಕಥೋಲಿಕ ಚಕ್ರವರ್ತಿಯ ಅಧಿಕಾರಿಗಳು ಅವರ ದೇವಾಲಯಗಳನ್ನು ಕಿತ್ತುಕೊಂಡರು. ಅಂದಿನಿಂದ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಆ ರೈತರೂ ಕುರಿಗಾಹಿಗಳೂ ಕಾಡಿನೊಳಗೆ ಸೇರಿ ದೇವರ ವಾಕ್ಯ ಕೇಳಿದರು. ಬೆಟ್ಟದ ಮೇಲಿನ ಒಂದು ಬಂಡೆಯೇ ಅವರಿಗೆ ಪೀಠ. ಗಡಿಯಾಚೆಯಿಂದ ಗುಟ್ಟಾಗಿ ಬರುವ ಬೋಧಕರು ಸಿಕ್ಕಾಗ ಸಂಸ್ಕಾರ, ಸಿಗದಿದ್ದಾಗ ಮನೆಯಲ್ಲೇ ಅಪ್ಪ ಮಕ್ಕಳಿಗೆ ಓದಿ ಹೇಳುವ ಬೈಬಲ್. ಆ ಬಂಡೆಗಳನ್ನು ಇಂದಿಗೂ ತೋರಿಸುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಆರಾಧನೆಯೂ ನಡೆಯುತ್ತದೆ. ಕಥೋಲಿಕರಾದ ನಾವು ಇದನ್ನು ಓದುವಾಗ ಸ್ವಲ್ಪ ತಲೆ ತಗ್ಗಿಸಬೇಕಾಗುತ್ತದೆ. ಇಂಗ್ಲೆಂಡಿನಲ್ಲೂ ಐರ್ಲೆಂಡಿನಲ್ಲೂ ಅದೇ ಕಾಲದಲ್ಲಿ ನಮ್ಮವರು ಹೀಗೆಯೇ ಬಯಲಲ್ಲಿ, ಅಟ್ಟದಲ್ಲಿ ಅಡಗಿ ಬಲಿಪೂಜೆ ಅರ್ಪಿಸುತ್ತಿದ್ದರು ಎಂಬುದು ನಿಜ. ಆದರೆ ಇಲ್ಲಿ ಬಾಗಿಲು ಮುಚ್ಚಿಸಿದ್ದು ನಮ್ಮವರೇ.

1707ರಲ್ಲಿ ಸ್ವೀಡನ್ ರಾಜನ ಒತ್ತಾಯಕ್ಕೆ ಮಣಿದ ಚಕ್ರವರ್ತಿ ಸೈಲೀಸಿಯ ಪ್ರಾಂತದಲ್ಲಿ ಆರು ದೇವಾಲಯಗಳಿಗೆ ಅಪ್ಪಣೆ ಕೊಟ್ಟ. ಅವುಗಳಿಗೆ ಕೃಪಾ ದೇವಾಲಯಗಳೆಂದೇ ಹೆಸರಾಯಿತು. ಅವುಗಳಲ್ಲೊಂದು ಚೆಶಿನ್ ಪಟ್ಟಣದ ಯೇಸು ದೇವಾಲಯ. ಇಡೀ ಸೀಮೆಗೆ ಅದೊಂದೇ ಆಗಿದ್ದರಿಂದ ಒಂದರ ಮೇಲೊಂದು ಉಪ್ಪರಿಗೆಗಳನ್ನಿಟ್ಟು ಸಾವಿರಾರು ಜನ ಹಿಡಿಸುವಂತೆ ಕಟ್ಟಿದರು. ವಾರ್ಸಾದಲ್ಲಿ 1777ರಿಂದ 1781ರ ತನಕ ಪರಮ ತ್ರಿತ್ವ ದೇವಾಲಯ ಎದ್ದಿತು. ಅಪ್ಪಣೆ ಕೊಟ್ಟವರು ಕಥೋಲಿಕ ರಾಜ ಸ್ತನಿಸ್ವಾಫ್ ಆಗಸ್ಟ್, ವಿನ್ಯಾಸ ವಾಸ್ತುಶಿಲ್ಪಿ ಶಿಮೊನ್ ಬೊಗುಮಿಲ್ ಝುಗ್ ಅವರದು. (ಸಂಗೀತಗಾರ ಶೋಪಾನ್ ಹದಿನೈದರ ಹುಡುಗನಾಗಿದ್ದಾಗ, 1825ರಲ್ಲಿ, ಇದೇ ದೇವಾಲಯದಲ್ಲಿ ರಷ್ಯದ ತ್ಸಾರ್ ಚಕ್ರವರ್ತಿಯ ಮುಂದೆ ನುಡಿಸಿದ್ದನಂತೆ.)

ಅಷ್ಟರಲ್ಲಿ ಪೋಲೆಂಡ್ ಎಂಬ ದೇಶವೇ ಭೂಪಟದಿಂದ ಅಳಿಸಿಹೋಗಿತ್ತು. ರಷ್ಯ, ಪ್ರಷ್ಯ, ಆಸ್ಟ್ರಿಯ ಮೂವರೂ ಅದನ್ನು ಹಂಚಿಕೊಂಡಿದ್ದರು. ರಷ್ಯದ ಪಾಲಿನ ಲೋಡ್ಜ್, ಜ್ಗೆಶ್, ಪಬಿಯಾನಿತ್ಸೆ ಮುಂತಾದ ಊರುಗಳಲ್ಲಿ ಬಟ್ಟೆ ನೇಯುವ ಉದ್ದಿಮೆ ಬೆಳೆಸಲು ಜರ್ಮನ್ ನಾಡಿನಿಂದ ನೇಕಾರರನ್ನು ಕರೆಸಿದರು. ಬಂದವರಲ್ಲಿ ಬಹುಮಂದಿ ಲೂಥೆರನ್ನರು. ಹೀಗೆ ಪೋಲೆಂಡಿನ ಲೂಥೆರನ್ ಸಭೆಯಲ್ಲಿ ಎರಡು ಭಾಷೆ, ಎರಡು ಮನಸ್ಸು ಒಂದೇ ಬೆಂಚಿನಲ್ಲಿ ಕುಳಿತವು. ಸಾಮಾನ್ಯ ಜನರ ಬಾಯಲ್ಲಿ ಕಥೋಲಿಕ ಎಂದರೆ ಪೋಲಿಷ್, ಲೂಥೆರನ್ ಎಂದರೆ ಜರ್ಮನ್ ಎಂಬ ಮಾತು ಬೇರೂರಿತು.

ಯೂಲಿಯುಶ್ ಬುರ್ಷೆ ಹುಟ್ಟಿದ್ದು 1862ರ ಸೆಪ್ಟೆಂಬರ್ 19ರಂದು, ಕಾಲಿಶ್ ಪಟ್ಟಣದಲ್ಲಿ. ಬೆಳೆದದ್ದು ನೇಕಾರರ ಊರಾದ ಜ್ಗೆಶ್‌ನಲ್ಲಿ. ತಂದೆ ಅಲ್ಲಿ ಸಭಾಪಾಲಕರಾಗಿದ್ದರು. ಪೂರ್ವಜರು ಜರ್ಮನ್ ನೆಲದಿಂದ ಬಂದವರು, ಹೆಸರೂ ಜರ್ಮನ್. ದೊಡ್ಡ ಕುಟುಂಬ, ತುಂಬಿದ ಮನೆ. ಹುಡುಗ ಓದಿನಲ್ಲಿ ಜಾಣ. ದೈವಶಾಸ್ತ್ರ ಕಲಿಯಲು ಇಂದಿನ ಎಸ್ಟೋನಿಯ ದೇಶದ ತಾರ್ತು ನಗರಕ್ಕೆ, ಆಗಿನ ದೋರ್ಪಾತ್‌ಗೆ ಹೋದ. ಅಲ್ಲಿ ಪಾಠಗಳೆಲ್ಲ ಜರ್ಮನ್ ಭಾಷೆಯಲ್ಲಿ. ಆದರೆ ಅವನು ಸೇರಿಕೊಂಡದ್ದು ಪೋಲಿಷ್ ವಿದ್ಯಾರ್ಥಿಗಳ ಸಂಘವನ್ನು. ಮನೆತನದ ರಕ್ತ ಯಾವುದೇ ಇರಲಿ, ತಾನು ಅನ್ನ ಉಂಡ ನೆಲದವನು ತಾನು ಎಂಬ ತೀರ್ಮಾನ ಅವನಲ್ಲಿ ಅಲ್ಲಿಯೇ ಗಟ್ಟಿಯಾಯಿತು.

ಈ ದಾರಿಯಲ್ಲಿ ಅವನಿಗೆ ಮೊದಲೇ ನಡೆದು ತೋರಿಸಿದವರಿದ್ದರು. ವಾರ್ಸಾದ ಸಭಾಪಾಲಕ ಲೆಯೊಪೋಲ್ಡ್ ಒಟ್ಟೊ ಅಂಥವರು. 1861ರಲ್ಲಿ ರಷ್ಯನ್ ಸೈನಿಕರ ಗುಂಡಿಗೆ ಬಲಿಯಾದ ಐವರು ಪೋಲಿಷರ ಶವಯಾತ್ರೆಯಲ್ಲಿ ಕಥೋಲಿಕ ಗುರುಗಳು, ಯೆಹೂದಿ ರಬ್ಬಿಗಳು, ಪ್ರೊಟೆಸ್ಟಂಟ್ ಬೋಧಕರು ಒಟ್ಟಿಗೆ ನಡೆದರು. ಒಟ್ಟೊ ಆ ಕಾಲದ ದೇಶಾಭಿಮಾನಕ್ಕಾಗಿ ಸೆರೆಮನೆ ಕಂಡವರು, ಪೋಲಿಷ್ ಲೂಥೆರನ್ನರಿಗಾಗಿ ಒಂದು ಪತ್ರಿಕೆಯನ್ನೂ ಹೊರಡಿಸಿದವರು. ಅವರು ತೀರಿಕೊಂಡದ್ದು 1882ರಲ್ಲಿ. ನಿಂತುಹೋಗಿದ್ದ ಆ ಪತ್ರಿಕೆಗೆ ಮತ್ತೆ ಜೀವ ಕೊಟ್ಟವರು ಬುರ್ಷೆ.

1884ರಲ್ಲಿ ಗುರುದೀಕ್ಷೆ. ಮರುವರ್ಷ ಪಬಿಯಾನಿತ್ಸೆಯ ಜವಳಿ ಉದ್ಯಮಿ ಮನೆತನದ ಅಮಾಲಿಯ ಹೆಲೆನಾ ಕ್ರುಷೆಯವರೊಂದಿಗೆ ವಿವಾಹ. (ಲೂಥೆರನ್ ಸಭಾಪಾಲಕರು ಸಂಸಾರಸ್ಥರೆಂಬುದು ಓದುಗರಿಗೆ ತಿಳಿದದ್ದೇ.) ಕೆಲಕಾಲ ವಾರ್ಸಾದ ಹತ್ತಿರದ ನಾರುಬಟ್ಟೆ ಗಿರಣಿಯ ಊರಾದ ಝಿರಾರ್ದುಫ್ ಕಡೆ ಸೇವೆ ಸಲ್ಲಿಸಿ, 1888ರಲ್ಲಿ ರಾಜಧಾನಿಯ ಪರಮ ತ್ರಿತ್ವ ದೇವಾಲಯಕ್ಕೆ ಬಂದರು. 1904-05ರ ಹೊತ್ತಿಗೆ ಅವರು ರಷ್ಯನ್ ಆಳ್ವಿಕೆಯ ಪೋಲೆಂಡಿನ ಲೂಥೆರನ್ ಸಭೆಗೆಲ್ಲ ಮೇಲ್ವಿಚಾರಕರು.

ಆ ಸಭೆಯ ಆಡಳಿತ ನಮ್ಮ ಧರ್ಮಕ್ಷೇತ್ರಗಳ ಆಡಳಿತದಂತಿರಲಿಲ್ಲ. ಪ್ರತಿಯೊಂದು ಧರ್ಮಕೇಂದ್ರದ ಸದಸ್ಯರೇ ಮತ ಹಾಕಿ ತಮ್ಮ ಸಭಾಪಾಲಕರನ್ನು ಆರಿಸಿಕೊಳ್ಳುತ್ತಿದ್ದರು. ಮೇಲೆ ವಾರ್ಸಾದಲ್ಲಿ ಕನ್ಸಿಸ್ಟರಿ ಎಂಬ ಮಂಡಳಿ. ಅದರಲ್ಲಿ ಬೋಧಕರೂ ಇದ್ದರು, ಶ್ರೀಸಾಮಾನ್ಯರೂ ಇದ್ದರು. ವಿಚಿತ್ರವೆಂದರೆ ಆ ಮಂಡಳಿಯ ಅಧ್ಯಕ್ಷರು ಬೋಧಕರಲ್ಲ, ರಷ್ಯನ್ ಸರ್ಕಾರದ ಮಾತು ಕೇಳಬೇಕಾದ ಒಬ್ಬ ಗೃಹಸ್ಥರು. ರಷ್ಯದ ತ್ಸಾರ್ 1849ರಲ್ಲಿ ಹೊರಡಿಸಿದ ಶಾಸನ ಹಾಗೆ ಕಟ್ಟುಮಾಡಿತ್ತು. ನಂಬಿಕೆಯಿಂದ ಆರ್ಥೊಡಾಕ್ಸ್ ಆದ ಚಕ್ರವರ್ತಿ ಲೂಥೆರನ್ನರ ಆಡಳಿತದ ಬೀಗದ ಕೈ ಹಿಡಿದಿದ್ದ ಎಂದರೆ ನಂಬುವುದು ಕಷ್ಟ. ಬುರ್ಷೆಯವರು ಈ ನೊಗದಡಿಯಲ್ಲೇ ಹತ್ತು ವರ್ಷ ಕೆಲಸ ಮಾಡಿದರು.

1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಜರ್ಮನ್ ಹೆಸರಿನವರೆಲ್ಲ ಶತ್ರುವಿನ ಬೇಹುಗಾರರೆಂಬ ಗುಮಾನಿ ರಷ್ಯನ್ ಸೇನೆಗೆ. ಲೂಥೆರನ್ ರೈತರನ್ನು ಮನೆಮಠ ಬಿಡಿಸಿ ಗಾಡಿಗಟ್ಟಲೆ ಪೂರ್ವಕ್ಕೆ ಅಟ್ಟಿದರು. 1915ರಲ್ಲಿ ಬುರ್ಷೆಯವರನ್ನೂ ರಷ್ಯದೊಳಕ್ಕೆ ಸಾಗಿಸಿದರು. ಜೀವನವಿಡೀ ತಾನು ಪೋಲಿಷನೆಂದು ಸಾರಿದವರಿಗೆ ಜರ್ಮನ್ ಎಂಬ ಆರೋಪದ ಮೇಲೆ ಗಡೀಪಾರು! ಅತ್ತ ವಾರ್ಸಾವನ್ನು ಗೆದ್ದ ಜರ್ಮನ್ನರು, ಅವರಿಲ್ಲದ ವೇಳೆ ನೋಡಿ, 1917ರಲ್ಲಿ ಲೋಡ್ಜ್ ನಗರದಲ್ಲಿ ಸಭೆಯ ಸಿನೊಡ್ ಕರೆದು ಅದನ್ನು ಜರ್ಮನ್ ಅಚ್ಚಿಗೆ ಎರಕ ಹೊಯ್ಯಲು ನೋಡಿದರು. ಪೋಲಿಷ್ ಪ್ರತಿನಿಧಿಗಳು ಎದ್ದು ಹೊರನಡೆದರು. ಬುರ್ಷೆಯವರು ಹಿಂದಿರುಗಿದ್ದು 1918ರಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಪೋಲೆಂಡ್ 123 ವರ್ಷಗಳ ಬಳಿಕ ಮತ್ತೆ ಸ್ವತಂತ್ರವಾಯಿತು.

ಹೊಸ ದೇಶದ ಗಡಿ ಎಲ್ಲಿ? ಪ್ಯಾರಿಸ್ಸಿನ ಶಾಂತಿ ಸಮ್ಮೇಳನಕ್ಕೆ ಪೋಲೆಂಡ್ ಕಳಿಸಿದ ತಂಡದಲ್ಲಿ ಈ ಲೂಥೆರನ್ ಬೋಧಕರೂ ಇದ್ದರು. ಚೆಶಿನ್ ಸೀಮೆಯ ಹಾಗೂ ಮಸೂರಿಯದ ಜನರ ಪರವಾಗಿ ಮಾತನಾಡುವುದು ಅವರ ಹೊಣೆ. ಮಸೂರಿಯ ಎಂದರೆ ಪೂರ್ವ ಪ್ರಷ್ಯದ ದಕ್ಷಿಣಕ್ಕೆ ಹಬ್ಬಿದ ಕೆರೆಗಳ ನಾಡು. ಅಲ್ಲಿನ ಹಳ್ಳಿಗರು ಪೋಲಿಷ್ ಮಾತಾಡುವ ಲೂಥೆರನ್ನರು, ಮನೆಯಲ್ಲಿ ಪೋಲಿಷ್ ಕೀರ್ತನೆಗಳನ್ನು ಹಾಡುವವರು. ಅವರು ಯಾವ ದೇಶ ಸೇರಬೇಕೆಂದು ಅವರೇ ಮತ ಹಾಕಿ ಹೇಳಲಿ ಎಂದು ತೀರ್ಮಾನವಾಯಿತು. ಪೋಲೆಂಡಿನ ಪರ ಪ್ರಚಾರ ಸಮಿತಿಗೆ ಬುರ್ಷೆಯವರೇ ಮುಖ್ಯಸ್ಥರು. ಒಂದೇ ಭಾಷೆ, ಲೂಥೆರನ್ ನಂಬಿಕೆಗೂ ತಾನೇ ಜಾಮೀನು. ಇನ್ನೇನು ಬೇಕು ಎಂದು ಅವರು ನಂಬಿದ್ದರು.

1920ರ ಜುಲೈ 11ರಂದು ಮತ ಎಣಿಸಿದಾಗ ನೂರರಲ್ಲಿ 97ಕ್ಕೂ ಹೆಚ್ಚು ಜನ ಜರ್ಮನಿಯ ಕಡೆ ನಿಂತಿದ್ದರು. ಅದೇ ದಿನಗಳಲ್ಲಿ ಸೋವಿಯತ್ ಕೆಂಪು ಸೇನೆ ವಾರ್ಸಾದತ್ತ ನುಗ್ಗಿ ಬರುತ್ತಿತ್ತು, ಪೋಲೆಂಡ್ ಉಳಿಯುವುದೇ ಅನುಮಾನವಾಗಿತ್ತು ಎಂಬುದು ಒಂದು ಕಾರಣ. ಜರ್ಮನ್ ಅಧಿಕಾರಿಗಳ ಒತ್ತಡವೂ ಇತ್ತು. ಆದರೆ ಅದಷ್ಟೇ ಅಲ್ಲ. ಆ ಹಳ್ಳಿಗರು ನಾಲ್ಕು ನೂರು ವರ್ಷ ಪ್ರಷ್ಯದ ದೊರೆಯ ಪ್ರಜೆಗಳಾಗಿದ್ದವರು. ಪೋಲೆಂಡ್ ಸೇರಿದರೆ ಕಥೋಲಿಕರ ನಡುವೆ ತಮ್ಮ ದೇವಾಲಯಗಳ ಗತಿ ಏನೆಂಬ ದಿಗಿಲು ಅವರಿಗೆ. ಬುರ್ಷೆಯವರು ಭಾಷೆಯನ್ನು ನೋಡಿದರು, ಆ ದಿಗಿಲನ್ನು ಅಳೆಯಲಿಲ್ಲ ಎಂದೇ ನನಗೆ ಕಾಣುತ್ತದೆ. ಅದೇ ತಿಂಗಳು ಚೆಶಿನ್ ಸೀಮೆಯನ್ನು ನದಿಯ ಉದ್ದಕ್ಕೂ ಸೀಳಿ ಒಂದು ಪಾಲು ಚೆಕೊಸ್ಲೊವಾಕಿಯಕ್ಕೆ ಕೊಟ್ಟರು. ಯೇಸು ದೇವಾಲಯ ಪೋಲೆಂಡಿಗೆ ಉಳಿಯಿತು. ಅದರ ಸಾವಿರಾರು ಕುಟುಂಬಗಳು ಗಡಿಯ ಆಚೆಗಾದವು.

ಸೋತು ಬಂದವರು ಕೈಕಟ್ಟಿ ಕೂರಲಿಲ್ಲ. ಮುಂದಿನ ಬೋಧಕರು ಪೋಲಿಷ್ ಭಾಷೆಯಲ್ಲೇ ದೈವಶಾಸ್ತ್ರ ಕಲಿಯಲೆಂದು ವಾರ್ಸಾ ವಿಶ್ವವಿದ್ಯಾನಿಲಯದಲ್ಲಿ ಪ್ರೊಟೆಸ್ಟಂಟ್ ದೈವಶಾಸ್ತ್ರ ವಿಭಾಗ ತೆರೆಯಿತು. ಸಹೋದರ ಎಡ್ಮಂಡ್ ಅಲ್ಲಿ ಚರಿತ್ರೆಯ ಪ್ರಾಧ್ಯಾಪಕರಾದರು. ಆದರೆ ಸಭೆಯ ಒಳಗಿನ ಬಿರುಕು ವರ್ಷವರ್ಷಕ್ಕೂ ಅಗಲವಾಯಿತು. ನಾಲ್ಕು ಲಕ್ಷ ಮೀರಿದ ಸದಸ್ಯರಲ್ಲಿ ಹೆಚ್ಚಿನವರು ಜರ್ಮನ್ ಮಾತಿನವರು, ಹಲವಾರು ಬೋಧಕರೂ ಹಾಗೆಯೇ. ತಮ್ಮ ಹಿರಿಯರು ಸರ್ಕಾರದ ಪಕ್ಷ ವಹಿಸಿ ತಮ್ಮನ್ನು ಪೋಲಿಷರನ್ನಾಗಿ ಮಾಡಹೊರಟಿದ್ದಾರೆ ಎಂದು ಅವರ ದೂರು. ಆ ದೂರಿನಲ್ಲಿ ಹುರುಳಿಲ್ಲವೆಂದು ಹೇಳಲಾಗದು. ತಾಯಿಮಾತಿನಲ್ಲಿ ಪ್ರಾರ್ಥಿಸುವ ಆಸೆ ಯಾರಿಗಿಲ್ಲ?

ಸಭೆಯ ಹೊಸ ಕಟ್ಟಳೆಗಾಗಿ ಹದಿನೈದು ವರ್ಷಕ್ಕೂ ಮೀರಿ ವಾದ ನಡೆಯಿತು. ತ್ಸಾರ್‌ಗಳ ಆಳ್ವಿಕೆಯೇ ಮಣ್ಣಾಗಿದ್ದರೂ ತ್ಸಾರ್ ಬರೆಸಿದ ಕಾಯಿದೆ ಮಾತ್ರ ಜಾರಿಯಲ್ಲಿತ್ತು. ಕೊನೆಗೆ 1936ರ ನವೆಂಬರ್ 25ರಂದು ಪೋಲೆಂಡಿನ ರಾಷ್ಟ್ರಾಧ್ಯಕ್ಷರು ಆಜ್ಞೆ ಹೊರಡಿಸಿ, ಔಗ್ಸ್‌ಬುರ್ಗ್ ವಿಶ್ವಾಸ ಪ್ರಕಟಣೆಯ ಸುವಾರ್ತಾ ಸಭೆ ಎಂಬ ಹೆಸರಿನಲ್ಲಿ ಅದಕ್ಕೆ ಮಾನ್ಯತೆ ಕೊಟ್ಟರು. 1530ರಲ್ಲಿ ಜರ್ಮನಿಯ ಔಗ್ಸ್‌ಬುರ್ಗ್ ಪಟ್ಟಣದಲ್ಲಿ ಲೂಥೆರನ್ನರು ಚಕ್ರವರ್ತಿಯ ಮುಂದಿಟ್ಟ ವಿಶ್ವಾಸದ ಹೇಳಿಕೆಯಿಂದ ಬಂದ ಹೆಸರದು. ಮೇಲ್ವಿಚಾರಕರಿಗೆ ಇನ್ನು ಮುಂದೆ ಬಿಷಪ್ ಎಂಬ ಪದವಿ. 1937ರಲ್ಲಿ, ಎಪ್ಪತ್ತೈದರ ಅಂಚಿನಲ್ಲಿದ್ದ ಬುರ್ಷೆಯವರು ಆ ಸಭೆಯ ಮೊದಲ ಬಿಷಪ್ಪರಾದರು. ಆದರೆ ಮುಖ್ಯ ಹುದ್ದೆಗಳ ವಿಷಯದಲ್ಲಿ ಸರ್ಕಾರದ ಒಪ್ಪಿಗೆ ಬೇಕೆಂಬ ಷರತ್ತು ಆ ಆಜ್ಞೆಯಲ್ಲೂ ಉಳಿದಿತ್ತು. ಜರ್ಮನ್ ಪಾಳಯದವರು ಅದನ್ನು ಮನಸಾರೆ ಒಪ್ಪಲೇ ಇಲ್ಲ. ಅಷ್ಟು ಹೊತ್ತಿಗೆ ಗಡಿಯಾಚೆ ಹಿಟ್ಲರನ ಆಳ್ವಿಕೆ ನೆಲೆಯೂರಿತ್ತು. ಅವನ ಮಾತಿಗೆ ಕಿವಿಗೊಡುವವರು ಸಭೆಯೊಳಗೂ ಹುಟ್ಟಿಕೊಂಡಿದ್ದರು.

1939ರ ಸೆಪ್ಟೆಂಬರ್ 1ರಂದು ಜರ್ಮನ್ ಸೇನೆ ಪೋಲೆಂಡಿನ ಮೇಲೆ ಬಿತ್ತು. ಸೆಪ್ಟೆಂಬರ್ 16ರಂದು ಬಾಂಬುಗಳ ಬೆಂಕಿಗೆ ಪರಮ ತ್ರಿತ್ವ ದೇವಾಲಯ ಉರಿದು, ಗುಮ್ಮಟ ಕುಸಿಯಿತು. ಬಿಷಪ್ಪರು ಆಗ ವಾರ್ಸಾದಲ್ಲಿರಲಿಲ್ಲ, ಪೂರ್ವದ ಲೂಬ್ಲಿನ್ ನಗರಕ್ಕೆ ಹೋಗಿದ್ದರು. ಅಕ್ಟೋಬರ್ 3ರಂದು ಗೆಸ್ಟಾಪೊ ಪೊಲೀಸರು ಅವರನ್ನು ಅಲ್ಲಿಯೇ ಹಿಡಿದರು. ರಾದೊಮ್ ಪಟ್ಟಣದ ಸೆರೆಮನೆ, ಬಳಿಕ ಬರ್ಲಿನ್, 1940ರ ಆರಂಭದಲ್ಲಿ ಸಾಕ್ಸೆನ್‌ಹೌಸೆನ್ ಯಾತನಾ ಶಿಬಿರದ ಒಂಟಿ ಕೋಣೆ. ನಾಜಿಗಳ ದೃಷ್ಟಿಯಲ್ಲಿ ಅವರ ಅಪರಾಧ ಉಳಿದ ಪೋಲಿಷರದಕ್ಕಿಂತ ದೊಡ್ಡದು, ಏಕೆಂದರೆ ಜರ್ಮನ್ ರಕ್ತದವನಾಗಿ ಹುಟ್ಟಿ ಪೋಲಿಷನಾಗಿದ್ದ ದ್ರೋಹಿ ಅವರು. ಅದೇ ಶಿಬಿರದಲ್ಲಿ ಹಿಟ್ಲರನನ್ನು ಎದುರಿಸಿದ ಜರ್ಮನ್ ಸಭಾಪಾಲಕ ಮಾರ್ಟಿನ್ ನೀಮೊಲರ್ ಕೂಡ ಬಂಧಿಯಾಗಿದ್ದರು ಎಂಬುದನ್ನು ಮರೆಯಬಾರದು.

ಕುಟುಂಬವನ್ನೂ ಬಿಡಲಿಲ್ಲ. ಸಹೋದರರು ಬಂಧನಕ್ಕೊಳಗಾದರು. ಪ್ರಾಧ್ಯಾಪಕ ಎಡ್ಮಂಡ್ 1940ರಲ್ಲಿ ಮೌಟ್‌ಹೌಸೆನ್ ಶಿಬಿರದ ಕಲ್ಲುಗಣಿಗಳ ನಡುವೆ ಅಸುನೀಗಿದರು. ಬಿಷಪ್ ಬುರ್ಷೆಯವರು 1942ರ ಫೆಬ್ರವರಿ 20ರಂದು ಬರ್ಲಿನ್ನಿನ ಮೋಆಬಿಟ್ ಸೆರೆಮನೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 79. ಆಶ್‌ವಿಟ್ಜ್‌ನಲ್ಲಿ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರು ಇನ್ನೊಬ್ಬನ ಬದಲು ಸಾವಿಗೆ ತಲೆಯೊಡ್ಡಿ ಆಗ ಕೇವಲ ಆರು ತಿಂಗಳಾಗಿತ್ತು. ಕೋಲ್ಬೆಯವರೂ ಅದೇ ನೇಕಾರರ ಸೀಮೆಯಲ್ಲಿ, ಮಗ್ಗ ನಡೆಸುವ ಬಡಮನೆಯಲ್ಲಿ ಹುಟ್ಟಿದವರು. ಅವರ ತಂದೆಯ ಕಡೆಯ ಮೂಲವೂ ಜರ್ಮನ್. ಒಬ್ಬರು ಕಥೋಲಿಕ ಸಂತರು, ಇನ್ನೊಬ್ಬರು ಲೂಥೆರನ್ ಬಿಷಪ್.

ಯುದ್ಧ ಮುಗಿದಾಗ ಸಭೆಯ ಜರ್ಮನ್ ಸದಸ್ಯರು ಓಡಿಹೋಗಿದ್ದರು ಇಲ್ಲವೆ ಹೊರಹಾಕಲ್ಪಟ್ಟಿದ್ದರು. ಬುರ್ಷೆಯವರು 1920ರಲ್ಲಿ ಬೇಡಿ ಸೋತ ಮಸೂರಿಯ 1945ರಲ್ಲಿ ಪೋಲೆಂಡಿಗೆ ತಾನಾಗಿ ಬಂತು. ಆದರೆ ಅಲ್ಲಿನ ಲೂಥೆರನ್ ಹಳ್ಳಿಗರನ್ನು ಹೊಸ ನೆರೆಹೊರೆಯವರು ಜರ್ಮನ್ನರೆಂದೇ ಎಣಿಸಿದರು. ಬೇಸತ್ತ ಕುಟುಂಬಗಳು ಒಂದೊಂದಾಗಿ ಜರ್ಮನಿಗೆ ಹೊರಟುಹೋದವು. ಖಾಲಿಯಾದ ಹಲವು ದೇವಾಲಯಗಳು ಕಥೋಲಿಕರ ಕೈಸೇರಿದವು. ಕೆಲವೆಡೆ ಸಣ್ಣ ಲೂಥೆರನ್ ಸಭೆ ಇನ್ನೂ ಉಳಿದಿರುವಾಗಲೇ ಹಾಗಾದದ್ದರಿಂದ ಆದ ನೋವು ಬಹುಕಾಲ ಮಾಯಲಿಲ್ಲ. ವಿಶ್ವವಿದ್ಯಾನಿಲಯದ ದೈವಶಾಸ್ತ್ರ ವಿಭಾಗವನ್ನು ಕಮ್ಯುನಿಸ್ಟ್ ಸರ್ಕಾರ 1954ರಲ್ಲಿ ಹೊರಗಿಟ್ಟು ಪ್ರತ್ಯೇಕ ಅಕಾಡೆಮಿ ಮಾಡಿತು.

ವಾರ್ಸಾದ ಸುಟ್ಟ ದೇವಾಲಯವನ್ನು ಮತ್ತೆ ಎಬ್ಬಿಸಿದವರು ಯಾರು ಬಲ್ಲಿರಾ? ಬಿಷಪ್ಪರ ತಮ್ಮ, ವಾಸ್ತುಶಿಲ್ಪಿ ತೆಯೊದೊರ್ ಬುರ್ಷೆ. ಯುದ್ಧದಲ್ಲಿ ಜೀವ ಉಳಿಸಿಕೊಂಡು ಬಂದ ಅವರು ಗುಮ್ಮಟವನ್ನು ಹಿಂದಿನಂತೆಯೇ ನಿಲ್ಲಿಸುವ ಕೆಲಸಕ್ಕೆ ಇಳಿದರು. 1950ರ ದಶಕದ ಕೊನೆಗೆ ಅದು ಪೂರ್ತಿಯಾಯಿತು.

ಇಂದು ಮೂರೂಮುಕ್ಕಾಲು ಕೋಟಿ ಜನರ ಪೋಲೆಂಡಿನಲ್ಲಿ ಲೂಥೆರನ್ನರು ಸುಮಾರು 60 ಸಾವಿರ. ಆರು ಧರ್ಮಕ್ಷೇತ್ರಗಳು, ನೂರಮೂವತ್ತರ ಆಸುಪಾಸು ಧರ್ಮಕೇಂದ್ರಗಳು. ಹೆಚ್ಚಿನವರು ಈಗಲೂ ಇರುವುದು ಕಾಡಿನಲ್ಲಿ ನಂಬಿಕೆ ಉಳಿಸಿಕೊಂಡ ಆ ಚೆಶಿನ್ ಸೀಮೆಯಲ್ಲೇ. 1997ರಿಂದ 2001ರವರೆಗೆ ದೇಶದ ಪ್ರಧಾನಿಯಾಗಿದ್ದ ಯೆಝಿ ಬುಜೆಕ್ ಇದೇ ಸಭೆಯವರು. ಬೋಧಕರೂ ಚುನಾಯಿತ ಗೃಹಸ್ಥರೂ ಕೂಡಿದ ಸಿನೊಡ್ ಸಭೆಯ ಪರಮಾಧಿಕಾರಿ. ಪ್ರಧಾನ ಬಿಷಪ್ಪರ ಅಧಿಕಾರಾವಧಿ ಹತ್ತು ವರ್ಷ, ದಿನನಿತ್ಯದ ಆಡಳಿತ ಕನ್ಸಿಸ್ಟರಿಯದು. 1936ರ ಆಜ್ಞೆಯ ಬದಲು 1994ರ ಮೇ 13ರಂದು ಸಂಸತ್ತು ಹೊಸ ಕಾಯಿದೆ ಮಾಡಿತು. 2021ರಲ್ಲಿ ಸಿನೊಡ್ ಮಹಿಳೆಯರಿಗೂ ಪೂರ್ಣ ದೀಕ್ಷೆ ಕೊಡಲು ಒಪ್ಪಿ, 2022ರ ಮೇ 7ರಂದು ವಾರ್ಸಾದಲ್ಲಿ ಒಂಬತ್ತು ಮಂದಿಗೆ ದೀಕ್ಷೆಯಾಯಿತು. ಈ ವಿಷಯದಲ್ಲಿ ನಮ್ಮ ಧರ್ಮಸಭೆಯ ದಾರಿ ಬೇರೆಯೆಂಬುದು ಎಲ್ಲರಿಗೂ ತಿಳಿದಿದೆ.

ಜಗದ್ಗುರು ಎರಡನೆಯ ಜಾನ್ ಪೌಲರು 1995ರ ಮೇ 22ರಂದು ಚೆಶಿನ್ ಸೀಮೆಯ ಸ್ಕೊಚುಫ್ ಪಟ್ಟಣದಲ್ಲೂ ಲೂಥೆರನ್ ದೇವಾಲಯಕ್ಕೆ ಹೋಗಿ ಪ್ರಾರ್ಥಿಸಿದರು. ಹಿಂದಿನ ದಿನವಷ್ಟೇ ಅವರು ಆ ಊರಿನಲ್ಲಿ ಹುಟ್ಟಿದ ಗುರು ಯಾನ್ ಸರ್ಕಾಂದರ್‌ರನ್ನು ಸಂತಪದವಿಗೆ ಏರಿಸಿದ್ದರು. ಹಳೆಯ ಧಾರ್ಮಿಕ ಕಲಹಗಳನ್ನು ನೆನಪಿಗೆ ತಂದ ಆ ಘೋಷಣೆಯಿಂದ ಪ್ರೊಟೆಸ್ಟಂಟರಿಗೆ ನೋವಾಗಿತ್ತು. ಐದು ವರ್ಷಗಳ ತರುವಾಯ, 2000ದ ಜನವರಿ 23ರಂದು, ಪೋಲೆಂಡಿನ ಏಳು ಕ್ರೈಸ್ತ ಸಭೆಗಳು ಒಬ್ಬರು ಕೊಟ್ಟ ಜ್ಞಾನಸ್ನಾನವನ್ನು ಇನ್ನೊಬ್ಬರು ಮಾನ್ಯ ಮಾಡುವ ಪತ್ರಕ್ಕೆ ಸಹಿ ಹಾಕಿದವು. ಸಹಿ ಬಿದ್ದದ್ದು ತೆಯೊದೊರ್ ಕಟ್ಟಿಸಿದ ಆ ಗುಮ್ಮಟದ ಕೆಳಗೆ.

ಬಿಷಪ್ ಬುರ್ಷೆಯವರ ಚಿತಾಭಸ್ಮವನ್ನು ನಾಜಿಗಳು ಮನೆಯವರಿಗೆ ಒಪ್ಪಿಸಲಿಲ್ಲ. ವಾರ್ಸಾದ ಮ್ವಿನಾರ್ಸ್ಕ ಬೀದಿಯ ಲೂಥೆರನ್ ಸ್ಮಶಾನದಲ್ಲಿ ಅವರ ಹೆಸರಿನ ಸಮಾಧಿ ಇದೆ, ಅದರೊಳಗೆ ದೇಹವಿಲ್ಲ. ಭಸ್ಮವನ್ನು ಎಲ್ಲಿ ಹೂತರೆಂಬುದು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಗೊತ್ತಿರಲಿಲ್ಲ. 2017ರಲ್ಲಿ, ಬರ್ಲಿನ್ನಿನ ಒಂದು ಸ್ಮಶಾನದಲ್ಲಿ ಆ ಜಾಗ ಪತ್ತೆಯಾಯಿತು.